ಮಾದಪ್ಪನಿಗೆ ಮೊದಲ ಮೇಲ್

ಕೊಳ್ಳೇಗಾಲದಲ್ಲಿ ಇಂಟರ್‌ನೆಟ್ ಕೊಡುವ ಒಂದು ಪುಟ್ಟ ಕಂಪನಿಯಲ್ಲಿ ನನ್ನ ಕೆಲಸ. ಯಳಂದೂರಿನಿಂದ ಹನೂರಿನವರೆಗೆ ಯಾರ ಮೇಲ್ ಎಲ್ಲಿ ಸಿಕ್ಕಿಕೊಂಡರೂ ಬೈಗುಳ ಬರುವುದು ನನ್ನ ಮೇಜಿಗೇ. ಕಸದ ಮೇಲ್‌ಗಳನ್ನು ತಡೆಯುವ ಸ್ಪ್ಯಾಮ್ ಫಿಲ್ಟರ್ ಯಾರನ್ನು ಯಾಕೆ ಅನುಮಾನಿಸುತ್ತದೆ ಎಂದು ಕೆದಕುವುದು ನನಗೊಂದು ಹುಚ್ಚು. ಆ ಹುಚ್ಚು ನನ್ನನ್ನು ಚೆನ್ನಾಗಿ ಕುಣಿಸಿದ್ದು ಮುಳ್ಳೂರಿನ ಒಂದು ಮದುವೆಯಲ್ಲಿ.

೧. ಆಮೇಲೆ ಬಾ

ಹುಡುಗಿಯ ಅಪ್ಪ, ನಿವೃತ್ತ ಗುಮಾಸ್ತರು, ನನ್ನ ಮೇಜಿನ ಮುಂದೆ ಬಂದು ನಿಂತರು. ಮದುವೆಗೆ ಹತ್ತೇ ದಿನವಿತ್ತು. ಹತ್ತಿರದವರನ್ನು ಮನೆಮನೆಗೆ ಹೋಗಿ ಕರೆದಾಗಿತ್ತು, ದೂರದ ನೆಂಟರಿಗೆ ಮೇಲ್ ಹಾಕಿದ್ದರು. ಪುಣೆಯಲ್ಲಿದ್ದ ಹುಡುಗಿಯ ಸೋದರಮಾವ ತನಗೆ ತಲುಪಿಲ್ಲ ಎಂದಿದ್ದ. ಅವನೋ, ವಾಟ್ಸಾಪಿನಲ್ಲಿ ಕರೆದರೆ ಮುನಿಸಿಕೊಳ್ಳುವ ಆಸಾಮಿ.

“ಅವ್ನು ಬರ್ನಿಲ್ಲ ಅಂದ್ರೆ ಎಣ್ಣ ಅಸೆಮಣೆಗೆ ಕರ್ಕಂಡು ಬರೋರ್ಯಾರು ಸಾ? ನಮ್ಮೋಳು ನನ್ನ ಸುಮ್ನೆ ಬುಟ್ಟಾಳಾ?”

ನಾನು ವಿವರಿಸಿದೆ: ಗುರುತಿಲ್ಲದ ಕಡೆಯಿಂದ ಮೇಲ್ ಬಂದರೆ ಕೆಲವು ಫಿಲ್ಟರ್‌ಗಳು ಮೊದಲ ಸಲ ‘ಆಮೇಲೆ ಬಾ’ ಎಂದು ಬಾಗಿಲಲ್ಲೇ ನಿಲ್ಲಿಸುತ್ತವೆ. ಸಾಚಾ ಮೇಲ್ ಮತ್ತೆ ಬರುತ್ತದೆ. ಕಳ್ಳ ಮೇಲ್‌ಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಅವರು ತಲೆದೂಗಿದರು. “ಸರ್ಕಾರಿ ಆಪೀಸ್ ಇದ್ದಂಗೇ ಅನ್ನಿ. ಅಲ್ಲೂ ಸಾಚಾ ಇದ್ದೋರೇ ಸಾ ತಿರ್ಗಿ ತಿರ್ಗಿ ಬರೋದು.”

೨. ಇಲ್ಲದ ವಿಳಾಸಗಳು

ಮಾರನೆಯ ದಿನ ಮತ್ತೆ ಹಾಜರು. ಮೇಲ್ ಇನ್ನೂ ಹೋಗಿಲ್ಲ. ಕೆದಕಿ ನೋಡಿದರೆ, ಯಾವ ನೆಂಟರಿಗೂ ಹೋಗದಂತೆ ತಡೆದದ್ದು ನಮ್ಮ ಫಿಲ್ಟರೇ. ಬಾಯಿಗೆ ಬಂದ ವಿಳಾಸಗಳಿಗೆಲ್ಲ ಮೇಲ್ ಎಸೆಯುವುದು ಸ್ಪ್ಯಾಮ್ ಕಳಿಸುವವರ ಚಾಳಿ. ಇವರ ಪಟ್ಟಿಯ ಮೊದಲ ಏಳು ವಿಳಾಸಗಳು ಲೋಕದಲ್ಲೇ ಇರಲಿಲ್ಲ. ಕುತೂಹಲಕ್ಕೆ ಓದಿದೆ: ಮಾದಪ್ಪ, ಬಿಳಿಗಿರಿ ರಂಗಪ್ಪ, ಸಿದ್ದಪ್ಪಾಜಿ, ಊರ ಮಾರಮ್ಮ...

“ಈ ವಿಳಾಸ ಯಾರು ಕೊಟ್ಟರು ಯಜಮಾನ್ರೇ?”

“ನಾನೇ ಮಾಡ್ದೆ. ಮೊದ್ಲ ಲಗ್ನಪತ್ರಿಕೆ ದೇವ್ರಿಗಲ್ವಾ ಸಾ?”

“ಅವಷ್ಟನ್ನೂ ತೆಗೆದುಬಿಡಿ, ಮೇಲ್ ಹೋಗುತ್ತೆ.”

“ದೇವ್ರ ಬುಟ್ಟು ನೆಂಟ್ರ ಕರಿಯಕಾಯ್ತದಾ? ಬೇಕಾರೆ ನಿಮ್ ಪಿಲ್ಟರ್ನೇ ತೆಗೀರಿ!”

೩. ಮೀಸಲು

ಸೋತೆ. ಎಲ್ಲ ದೇವರ ಪರವಾಗಿ ಮಾದಪ್ಪನೊಬ್ಬನೇ ಸಾಕೆಂದು ಅವರನ್ನು ಒಪ್ಪಿಸಿ, ನಮ್ಮ ಸರ್ವರ್‌ನಲ್ಲೇ ಅವನ ಹೆಸರಿಗೆ ನಿಜವಾದ ಮೇಲ್ ಖಾತೆ ತೆರೆದೆ. ಮೊದಲು ಮಾದಪ್ಪನಿಗೆ, ಆಮೇಲೆ ಫಿಲ್ಟರ್‌ಗೆ ಅನುಮಾನ ಬಾರದಂತೆ ಹತ್ತತ್ತು ನೆಂಟರಿಗೆ ಕಳಿಸಿದೆವು. ಸಂಜೆಯೊಳಗೆ ಸೋದರಮಾವನ ಉತ್ತರ ಬಂತು: ರೈಲಿಗೆ ಬುಕ್ ಮಾಡಿದ್ದೇನೆ, ಬರುತ್ತೇನೆ. ನನ್ನ ಮಗಳದೇ ಮದುವೆ ಎಂಬಷ್ಟು ಖುಷಿಯಾಯಿತು.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಮಾದಪ್ಪನಿಗೆ ತಲುಪಿತೋ ಇಲ್ಲವೋ ಎಂಬ ಕುತೂಹಲ ಬಿಡಲಿಲ್ಲ. ಖಾತೆ ತೆರೆದು ನೋಡಿದರೆ ಪತ್ರಿಕೆ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿದೆ! ತಕ್ಷಣ ತೆಗೆದು ಇನ್‌ಬಾಕ್ಸಿಗೆ ಹಾಕಿದೆ. ಶಭಾಷ್ ಅನ್ನಿಸಿಕೊಳ್ಳುವ ಆಸೆಯಿಂದ ಫೋನ್ ಮಾಡಿದೆ.

“ಮಾದಪ್ಪಂದು ಕಸದಲ್ಲಿ ಬಿದ್ದಿತ್ತು ಯಜಮಾನ್ರೇ. ನಾನೇ ಬಿಡಿಸಿ ಓದಿ ನೋಡಿದೆ, ಎಲ್ಲಾ ಸರಿಯಾಗಿದೆ.”

ಯಜಮಾನರು ಕೂಗಿಕೊಂಡರು.

“ದೇವ್ರು ನೋಡಕೆ ಮುಂಚೆ ನೀವ್ ಓದ್ಬುಟ್ರಾ? ಮೀಸ್ಲು ಕೆಡುಸ್ಬುಟ್ರಲ್ಲ ಸಾ! ಎಲ್ಲಾರ್ಗೂ ಮೊದ್ಲಿಂದ ಕಳ್ಸಿ. ಅಲ್ಲೀಗಂಟ ನನ್ ಬಾಮೈದುಂಗೆ ರೈಲು ಅತ್ಬೇಡ ಅನ್ನಿ!”