ಹನುಮಪ್ಪನ ಕೊರಳಲ್ಲಿ ಕಾಕಾನ ಪಾತರಗಿತ್ತಿ

ನಮ್ಮ ಕಾಕಾನಿಗೆ ಹುಚ್ಚು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹುಚ್ಚರಿಗೆ ಆಗಾಗ ಬಿಡುವಾದರೂ ಇರುತ್ತದೆ!

ರಬಕವಿಯಲ್ಲಿ ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದ ಮನುಷ್ಯ, ಮಗ್ಗ ಬಿಟ್ಟ ಮೇಲೆ ಹಿತ್ತಲಲ್ಲಿ ಏನು ಬೆಳೆಸಬೇಕು? ಗುಲಾಬಿ? ಮಲ್ಲಿಗೆ? ಛೇ, ಅವೆಲ್ಲ ನಮ್ಮಂಥ ಸಾಮಾನ್ಯರಿಗೆ! ಇವರು ಬೆಳೆಸಿದ್ದು ಎಕ್ಕೆ, ತುಂಬೆ, ತಂಗಡಿ. ಊರೆಲ್ಲ ಕಿತ್ತೆಸೆಯುವ ಗಿಡಗಳನ್ನು ಬೀಳಗಿಯ ಬೀಗರ ಹೊಲದ ಬದುವಿನಿಂದ ಬಸ್ಸಿನಲ್ಲಿ, ತೊಡೆಯ ಮೇಲೆ ಕೂರಿಸಿಕೊಂಡು ತಂದರು.

"ಪಾತರಗಿತ್ತಿ ಕಡಿಮಿ ಆಗ್ಯಾವಲೇ. ಎಕ್ಕಿ ಎಲಿ ಮ್ಯಾಲ ತತ್ತಿ ಇಡ್ತಾವ ನೋಡು," ಎಂದರು.

"ಹುಳದ ಊಟಾ ಆದ ಮ್ಯಾಲೇ ನಮ್ಮ ಊಟಾ," ಎಂದು ಅವರ ಹೆಂಡತಿ, ನಮ್ಮ ಕಾಕು, ಒಳಗಿನಿಂದಲೇ ಕುಟುಕಿದರು.

ಮೂರು ವರ್ಷ ಒಂದು ಹುಳವೂ ಬರಲಿಲ್ಲ. ಆಮೇಲೆ ಒಂದೇ ಒಂದು ಬಂತು, ತಿಂದು ಕೊಬ್ಬಿತು, ಎಲೆಯಡಿ ಹಸಿರು ಗೂಡಾಗಿ ತೂಗಿತು. ಕಾಕಾ ಹಿತ್ತಲಲ್ಲಿ ಕೆಮ್ಮುವುದನ್ನೂ ನಿಲ್ಲಿಸಿದರು!

ಆ ಶನಿವಾರ ಕಾಕು ಕಣ್ಣಿಗೆ ಚಾಳೀಸು ಏರಿಸುವುದು ಮರೆತು, ವಾಡಿಕೆಯಂತೆ ಎಕ್ಕೆ ಎಲೆ ಹರಿದು ಹಾರ ಕಟ್ಟಿ, ಹನುಮಪ್ಪನಿಗೆ ಏರಿಸಿ ಬಂದರು. ಗೂಡಿನ ಸಮೇತ!

ಕಾಕಾ ಗುಡಿಗೆ ಓಡಿದರು.

"ದೇವರಿಗೆ ಏರಿಸಿದ್ದು ವಾಪಸ್ ಕೊಡಂಗಿಲ್ರೀ. ಮುಂದಿನ ಶನಿವಾರ ಇಳಸ್ತೇನಿ," ಎಂದ ಪೂಜಾರಿ.

ಸರಿ, ಕಾಕಾ ದೇವರೆದುರು ಕೂತೇಬಿಟ್ಟರು. ದಿನಾ ಬೆಳಿಗ್ಗೆ ಹಾಜರ್! ಹಬ್ಬಕ್ಕೂ ಗುಡಿ ಮೆಟ್ಟಿಲು ಹತ್ತದ ಮನುಷ್ಯ ಕಣ್ಣು ಮಿಟುಕಿಸದೆ ದೇವರನ್ನೇ ನೋಡುತ್ತಿದ್ದರೆ ಊರು ಸುಮ್ಮನಿರುತ್ತದೆಯೇ? "ಭಕ್ತಿ ಅಂದ್ರ ಇದು!" ಎಂದು ಇಬ್ಬರು ಕಾಲಿಗೂ ಬಿದ್ದರು.

ಶನಿವಾರ ಬಂತು. ಗೂಡು ಕಪ್ಪಾಗಿತ್ತೇ ಹೊರತು ಒಡೆದಿರಲಿಲ್ಲ. ಪೂಜಾರಿ ಹಾರ ಕಿತ್ತು ಬುಟ್ಟಿಗೆ ಎಸೆಯಲು ಕೈ ಹಾಕಿದ. ಈಗ ಅಲುಗಿಸಿದರೆ ಒಳಗಿನ ಜೀವ ಹೋದಂತೆಯೇ! ರೊಟ್ಟಿ ಗಂಟು ಹಿಡಿದು ಬಂದಿದ್ದ ಕಾಕು ಅಡ್ಡ ನಿಂತರು.

"ತಡೀರಿ ಪೂಜಾರ್ರ! ಬ್ಯಾನಿ ಹತ್ತ್ಯಾವ, ಹೆರಿಗಿ ಆಗ್ಲಿ!"

ಪೂಜಾರಿ ಕಕ್ಕಾಬಿಕ್ಕಿಯಾಗಿ ಕೈ ಹಿಂದೆಗೆದ. ಸ್ವಲ್ಪ ಹೊತ್ತಿಗೆ ಗೂಡು ಬಿರಿಯಿತು. ಮುದುಡಿದ ರೆಕ್ಕೆ ಮೆಲ್ಲಗೆ ಬಿಚ್ಚಿಕೊಂಡವು. ಕಾಕು ಚಾಳೀಸು ಏರಿಸಿ ಹತ್ತಿರ ಬಗ್ಗಿದರು.

"ಕೇಸರಿ ಒಡಲು, ಕರೀ ದಡಿ, ದಡ್ಯಾಗ ಬಿಳೀ ಚಿಕ್ಕಿ... ಏನ್ರೀ, ನಮ್ಮ ಲಗ್ನಕ್ಕ ನೀವು ನೇದ ಸೀರಿ ಇದ್ದಂಗ ಐತಲ್ರೀ!"

"ಮತ್ತ ಆ ನಮೂನಿ ಎಲ್ಲಿಂದ ಕದ್ದಿದ್ನಿ ಅಂತ ಮಾಡಿದ್ದಿ?" ಎಂದರು ಕಾಕಾ. "ಇದರ ಋಣಾ ಉಳದಿತ್ತು."

ಗೇಲಿ ಮಾಡಲೆಂದೇ ಜೊತೆಗೆ ಹೋಗಿದ್ದ ನಾನು ಕಣ್ಣೊರೆಸಿಕೊಂಡೆ. ಈಗ ಶನಿವಾರ ಹಾರಕ್ಕೆ ಎಲೆ ಹರಿಯುವ ಮೊದಲು ಕಾಕು ಒಂದೊಂದನ್ನೂ ತಿರುವಿ ನೋಡುತ್ತಾರೆ.