ಅತ್ತೆಯ ಮೂರು ಹೊಂಡಗಳು

ನನ್ನ ಸೋದರತ್ತೆ ಯಾರ ಮನೆಗೆ ಹೋದರೂ ಮೊದಲು ಕೇಳುವ ಪ್ರಶ್ನೆ, "ನಿಮ್ ಬಚ್ಚಲ ನೀರು ಎತ್ಲಾಗೆ ಓಯ್ತದೆ?" ಗೃಹಪ್ರವೇಶಕ್ಕೆ ಹೋದರೂ ಅಷ್ಟೇ. ಮನೆಯವರು ತೇಗದ ಬಾಗಿಲು ತೋರಿಸುತ್ತಿದ್ದರೆ ಈಕೆ ಹಿತ್ತಲಲ್ಲಿ ಬಗ್ಗಿ ಪೈಪು ನೋಡುತ್ತಿರುತ್ತಾಳೆ. ಇಂಥವಳನ್ನು ಕರೆದುಕೊಂಡು ನೆಂಟರ ಮನೆಗೆ ಹೋಗುವುದು ಹೇಗೆ, ನೀವೇ ಹೇಳಿ.

ದಂಡಿಗನಹಳ್ಳಿ ಹೋಬಳಿಯ ಅವಳ ಊರಿನ ಚರಂಡಿ ನೀರೆಲ್ಲ ಹಿಂದೆ ನೇರವಾಗಿ ಕೆರೆಗೇ ಹೋಗುತ್ತಿತ್ತು. ಅತ್ತೆ ಪಂಚಾಯಿತಿ ಸದಸ್ಯೆಯಾದಾಗ ಹಟ ಹಿಡಿದು, ಕೆರೆಗೆ ಮೊದಲೇ ಒಂದರ ಕೆಳಗೊಂದು ಮೂರು ಹೊಂಡ ತೋಡಿಸಿದಳು. ಮೊದಲನೆಯದರಲ್ಲಿ ಕೊಳೆ ತಳಕ್ಕೆ ಕೂರುತ್ತದೆ. ಎರಡನೆಯದು ಬಿಸಿಲಿಗೆ ಹಸಿರಾಗಿ ಪಾಚಿ ಕಟ್ಟುತ್ತದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ನೀರು ತಿಳಿಯಾಗಿರುತ್ತದೆ. ಅವಳ ಸದಸ್ಯತನ ಮುಗಿದು ಎಷ್ಟೋ ವರ್ಷವಾಯಿತು. ಅದನ್ನು ಹೊಂಡಗಳಿಗೆ ಯಾರೂ ತಿಳಿಸಿಲ್ಲವಾದ್ದರಿಂದ ಅತ್ತೆ ದಿನಾ ಬೆಳಿಗ್ಗೆ ಬಿದಿರು ಗಳ ಹಿಡಿದು ಹೋಗಿ ಕಸ ತೆಗೆಯುತ್ತಾಳೆ.

ಕಣ್ಣಿಗೆ ಕಾಣದ ಹುಳುಗಳು ಕೊಳೆ ತಿಂದು ನೀರು ತಿಳಿ ಮಾಡುತ್ತವೆಂದು ಇಂಜಿನಿಯರೊಬ್ಬರು ಅವಳಿಗೆ ಹೇಳಿದ್ದರು. ಅಂದಿನಿಂದ ಆ ಹುಳುಗಳು ಅತ್ತೆಯ ದನಕರುಗಳಾದವು. ಒಂದು ದೀಪಾವಳಿಗೆ ಬೀದಿಯವರೆಲ್ಲ ಆಸಿಡ್ ಸುರಿದು ಕಕ್ಕಸು ತೊಳೆದರು. ಹೊಂಡ ಕಪ್ಪಾಗಿ ನಾರತೊಡಗಿತು. ಅತ್ತೆ ಮನೆಮನೆಗೂ ಹೋಗಿ, "ನನ್ ಹುಳ ಮೂರು ದಿಸದಿಂದ ಏನೂ ಉಂಡಿಲ್ಲ ಕಣ್ರವ್ವಾ" ಎಂದು ಸಂಕಟ ತೋಡಿಕೊಂಡಳು. ಹೊಸದಾಗಿ ಬಂದ ಸೊಸೆಯೊಬ್ಬಳು ನಗು ತಡೆದುಕೊಂಡು, "ಹುಳಾನ ನೀವ್ ನೋಡಿದ್ದೀರಾ ಅಜ್ಜಿ?" ಎಂದಳು.

"ನಿನ್ ಫೋನಿಗೆ ಬರೋ ನೆಟ್‌ವರ್ಕ ನೀನ್ ನೋಡಿದ್ದೀಯೇನವ್ವ?"

ಆ ಬೀದಿಯಲ್ಲಿ ಆಸಿಡ್ ಸುರಿಯುವುದು ನಿಂತಿತು.

ಅತ್ತೆಯ ಮಗಳನ್ನು ನೋಡಲು ಅರಕಲಗೂಡಿನಿಂದ ಗಂಡಿನ ಕಡೆಯವರು ಬಂದಾಗಲಂತೂ ಉಪ್ಪಿಟ್ಟು ಕೊಡುವ ಮೊದಲೇ ಅವರನ್ನು ಹೊಂಡಕ್ಕೆ ಕರೆದೊಯ್ದಳು. "ವಾಸ್ನೆ ಬತ್ತದಾ?" ಎಂದು ಕೇಳಿದರೆ, ಹುಡುಗನ ಅಪ್ಪ ಉಸಿರು ಬಿಗಿಹಿಡಿದು, "ಚೂರೂ ಇಲ್ಲ" ಎಂದರು. ಹುಡುಗ ಮಾತ್ರ, "ಮೊದಲ್ನೇದ್ರಲ್ಲಿ ಬತ್ತದೆ, ಮೂರನೇದ್ರಲ್ಲಿ ಇಲ್ಲ" ಎಂದ. ಅತ್ತೆ ಅಲ್ಲೇ ದಂಡೆಯ ಮೇಲೆ ಒಪ್ಪಿಗೆ ಕೊಟ್ಟಳು. ಹುಡುಗಿಯನ್ನು ಅವನು ನೋಡಿದ್ದು ಆಮೇಲೆ.

ಇದೆಲ್ಲದರಿಂದ ರೋಸಿದ್ದವರು ಮಾವ. ಹೊಂಡದಿಂದ ಬಂದ ಹೆಂಡತಿ ಕೈಕಾಲು ತೊಳೆಯದೆ ಹೊಸಿಲು ದಾಟುವಂತಿರಲಿಲ್ಲ. ಅವರು ಒಂದು ದಿನವೂ ಆ ಕಡೆ ತಲೆ ಹಾಕಿದವರಲ್ಲ.

ಹೋದ ಮಳೆಗಾಲದಲ್ಲಿ ಅತ್ತೆ ಹೊಂಡದ ದಂಡೆಯ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹಾಸನದ ಆಸ್ಪತ್ರೆಗೆ ನೋಡಲು ಹೋದರೆ, ಸೊಂಟದ ಮಾತೇ ಇಲ್ಲ. "ಕಸ ತಗೀದಿದ್ರೆ ಪೈಪು ಕಟ್ಕತದೆ ಕಣ್ಲಾ. ನೀರು ಉಕ್ಕಿ ಕೆರೆಗೆ ಓಯ್ತದೆ. ಒಂದ್ಸಲ ನೋಡ್ಕಂಡು ಬಾ ಮಗ" ಎಂದು ಕೈ ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಮೂಗು ಮುಚ್ಚಿಕೊಂಡೇ ಹೋದೆ. ಅಲ್ಲಿ ಚಪ್ಪಲಿ ದಂಡೆಯ ಮೇಲೆ ಬಿಟ್ಟು, ಮೊಣಕಾಲುದ್ದ ನೀರಿನಲ್ಲಿ ನಿಂತು ಯಾರೋ ಪ್ಲಾಸ್ಟಿಕ್ ಎಳೆದು ಹಾಕುತ್ತಿದ್ದರು. ಮುಖಕ್ಕೆ ಟವೆಲು ಸುತ್ತಿಕೊಂಡಿದ್ದರೂ ಗುರುತು ಸಿಕ್ಕಿತು. ಮಾವ.

ಅವರಿಗೆ ನಾಚಿಕೆಯಾಯಿತು. "ಅವ್ಳು ಬಂದಾಗ ಇದು ಕೆಟ್ಟೋಗಿದ್ರೆ ಅವ್ಳ ಮಕ ನೋಡಾಕಾಗಾಕಿಲ್ಲ ಕಣಪ್ಪ" ಎಂದರು. ಕೈಯಲ್ಲಿದ್ದ ಪ್ಲಾಸ್ಟಿಕ್ಕನ್ನು ದಂಡೆಗೆ ಎಸೆದು, "ಒಂದ್ ಫೋಟೋ ತಗಂಡೋಗಿ ತೋರ್ಸು. ನಾನ್ ಬ್ಯಾಡ, ನೀರ್ ಮಾತ್ರ."

ನಾನು ನೀರನ್ನೂ ಮಾವನನ್ನೂ ಸೇರಿಸಿಯೇ ತೆಗೆದೆ.

ಆಸ್ಪತ್ರೆಯಲ್ಲಿ ಅತ್ತೆ ಫೋನನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ನೀರು ತಿಳಿಯಾಗಿದೆಯೋ ಇಲ್ಲವೋ ಹೇಳುತ್ತಾಳೆಂದು ಕಾದೆ. ಅವಳು ನೀರನ್ನು ನೋಡುತ್ತಿರಲಿಲ್ಲ.

"ಬರಿಗಾಲಲ್ಲಿ ಇಳ್ದವ್ರಲ್ಲೋ" ಎಂದಳು. "ಗಾಜು ಚುಚ್ಚತದೆ ಅಂತ ಏಳ್ಲಾ ಅವ್ರಿಗೆ."

ಹಾಗೆಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.