ಆಫ್ರಿಕಾದ ರೈಲಿಗೆ ಎಪ್ಪಿಂಗಿನ ಸರಪಳಿ

ರೈಲು ಪ್ರಯಾಣದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬುದು ಸಿಡ್ನಿಯ ಎಪ್ಪಿಂಗ್ ಸಬರ್ಬಿನ ಕನ್ನಡಿಗರೆಲ್ಲರೂ ಒಪ್ಪಿಕೊಂಡ ಸತ್ಯ. ಅದನ್ನು ಪ್ರಚಾರ ಮಾಡಿದವನು ನಾನೇ ಆದ್ದರಿಂದ ಒಪ್ಪದೆ ಅವರಿಗೆ ಬೇರೆ ದಾರಿಯಿರಲಿಲ್ಲ. ಅರಸೀಕೆರೆಯಲ್ಲಿ ಇಳಿದು, ಇಡ್ಲಿ ಕಟ್ಟಿಸಿಕೊಂಡು, ಪಕ್ಕದ ಪ್ಲಾಟ್‌ಫಾರಂನ ನಲ್ಲಿಯಲ್ಲಿ ನೀರು ತುಂಬಿಸಿ, ಹೊರಟ ರೈಲಿಗೆ ಕಿಂಚಿತ್ತೂ ಆತುರವಿಲ್ಲದೆ ಹತ್ತಿ ಬರುತ್ತಿದ್ದವನು ನಾನು. ಸೂಟ್‌ಕೇಸನ್ನು ಸೀಟಿನ ಕಾಲಿಗೆ ಸರಪಳಿಯಿಂದ ಕಟ್ಟಿ ಬೀಗ ಹಾಕದೆ ನಾನು ಎಂದೂ ಕಣ್ಣು ಮುಚ್ಚಿದವನಲ್ಲ.

ನನ್ನ ಹೆಂಡತಿ ವಿಶಾಲಾಕ್ಷಿಯ ನೆನಪುಗಳು ಸ್ವಲ್ಪ ಬೇರೆ.

"ನೀವು ಇಳಿದು ಹೋಗ್ತಿದ್ರಿ. ರೈಲು ಹೊರಡ್ತಿತ್ತು. ನನಗೆ ಜೀವ ಬಾಯಿಗೆ ಬರ್ತಿತ್ತು. ಆಮೇಲೆ ನೀವು ಹಿಂದಿನ ಬೋಗಿಯಿಂದ ನಗ್ತಾ ಬರ್ತಿದ್ರಿ. ನಾನು ಬುತ್ತಿ ಬಿಚ್ಚಿ ಎಲ್ಲರಿಗೂ ಬಡಿಸಿ, ಕೊನೆಗೆ ತಳದಲ್ಲಿ ಉಳಿದ ಮೊಸರನ್ನ ತಿಂತಿದ್ದೆ. ಇದು ನಮ್ಮ ರೈಲು ಪ್ರಯಾಣ."

ಇದನ್ನು ಅವಳು ಜಗಳಕ್ಕಾಗಿ ಹೇಳುವುದಿಲ್ಲ. ಹವಾಮಾನ ವರದಿಯಂತೆ ಹೇಳುತ್ತಾಳೆ. ಅದೇ ಕಷ್ಟ.

ನಮ್ಮ ಮದುವೆಯ ನಲವತ್ತನೆಯ ವರ್ಷ ಹತ್ತಿರ ಬಂದಾಗ ಮೆಲ್ಬರ್ನ್‌ನಿಂದ ಷಡ್ಡಕನ ಫೋನು ಬಂತು. ಷಡ್ಡಕ ನಾಗರಾಜ ಡ್ಯಾಂಡಿನಾಂಗ್ ಕಡೆಯವನು. ತನ್ನ ಹೆಂಡತಿಯನ್ನು, ಅಂದರೆ ವಿಶಾಲಾಕ್ಷಿಯ ತಂಗಿಯನ್ನು, ಕರೆದುಕೊಂಡು ಹಡಗಿನಲ್ಲಿ ತಿರುಗಿ ಬಂದು, ಬಂಧುಬಳಗದ ಎಲ್ಲರ ಫೋನುಗಳಲ್ಲೂ ತನ್ನ ಭಾವಚಿತ್ರಗಳನ್ನು ತುಂಬಿಸಿದ್ದ.

"ಭಾವ, ನಿಮ್ದೇನು ಪ್ಲಾನು? ಅಕ್ಕನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಾ? ಬ್ಲೂ ಮೌಂಟನ್ಸಿಗಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಬ್ಲೂ ಮೌಂಟನ್ಸ್ ನಮ್ಮ ಮನೆಯಿಂದ ಹೋಗಿ ಸಂಜೆಯ ಕಾಫಿಗೆ ವಾಪಸು ಬರಬಹುದಾದ ಬೆಟ್ಟ. ಮನೆಗೆ ನೆಂಟರು ಬಂದಾಗಲೆಲ್ಲ ನಾವು ತೋರಿಸಿ ತೋರಿಸಿ ಸವೆಸಿದ ಬೆಟ್ಟ. ಅವಮಾನ ಎಂಬುದು ಹೀಗೆ ಮರ್ಯಾದೆಯ ವೇಷದಲ್ಲೇ ಬರುತ್ತದೆ.

"ಆಫ್ರಿಕಾಕ್ಕೆ" ಎಂದೆ. "ಲಕ್ಷುರಿ ರೈಲು. ಪ್ರಿಟೋರಿಯಾದಿಂದ ಕೇಪ್‌ಟೌನ್‌ಗೆ."

ನಾನು ಆಫ್ರಿಕಾಕ್ಕೆ ಹೋಗುತ್ತಿದ್ದೇನೆಂದು ನನಗೂ ಆಗಲೇ ಗೊತ್ತಾದದ್ದು.

ವಿಶಾಲಾಕ್ಷಿ ಒಂದು ಮಾತೂ ಎದುರಾಡಲಿಲ್ಲ. ಟಿಕೆಟ್ ಬುಕ್ ಮಾಡಿದ ದಿನ ನನ್ನ ಎದುರಿಗೆ ಕೂತು ಹೇಳಿದಳು: "ಒಂದೇ ಆಸೆ ನನಗೆ. ಸಿಂಹ ಕಾಣದಿದ್ರೂ ಪರವಾಗಿಲ್ಲ. ರೈಲಿನಲ್ಲಿ ಒಂದು ಊಟ, ನಾನು ಬಡಿಸಬಾರದು, ನೀವು ಇಳೀಬಾರದು. ಇಬ್ಬರೂ ಎದುರುಬದುರು ಕೂತು ತಿನ್ನಬೇಕು. ಅಷ್ಟೇ."

"ಇದೂ ಒಂದು ಆಸೆಯೇ?" ಎಂದೆ. "ಆಯಿತೆಂದು ತಿಳಿ."

ಕಂಪನಿಯವರು ಕಳಿಸಿದ ಪುಸ್ತಿಕೆಯನ್ನು ಅವಳೇ ಓದಿದಳು. ನಾನು ಅದರಲ್ಲಿ ಜಿರಾಫೆಯ ಪುಟವನ್ನು ಮಾತ್ರ ನೋಡಿದ್ದೆ.

"ರಾತ್ರಿ ಊಟಕ್ಕೆ ಸೂಟು ಹಾಕ್ಕೋಬೇಕಂತೆ. ಸೂಟು ಇಲ್ಲಾಂದ್ರೆ..."

"ಸೂಟು ಇಲ್ಲ ಎಂಬ ಪ್ರಶ್ನೆಯೇ ಉದ್ಭವಿಸುವುದಿಲ್ಲ" ಎಂದು ನಾನು ಅಲ್ಲಿಗೇ ಚರ್ಚೆಯನ್ನು ಮುಕ್ತಾಯಗೊಳಿಸಿದೆ.

ಆಮೇಲೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಸರಪಳಿ ಕೇಳಿದೆ. ಅಂಗಡಿಯ ಹುಡುಗಿ ದೋಣಿಗೋ ನಾಯಿಗೋ ಎಂದು ವಿಚಾರಿಸಿದಳು. ಸೂಟ್‌ಕೇಸಿಗೆ ಎಂದೆ. ಅವಳು ಸ್ವಲ್ಪ ಯೋಚಿಸಿ, ದೊಡ್ಡ ಜಾತಿಯ ನಾಯಿಗೆ ಕೊಡುವುದನ್ನೇ ಕೊಟ್ಟಳು. ಜೊತೆಗೆ ಒಂದು ಹಿತ್ತಾಳೆಯ ಬೀಗ. ವಿಶಾಲಾಕ್ಷಿ ಎರಡನ್ನೂ ನೋಡಿ, "ನನ್ನ ಪೆಟ್ಟಿಗೆ ಮುಟ್ಟಬೇಡಿ" ಎಂದಷ್ಟೇ ಹೇಳಿದಳು.

ರೈಲನ್ನು ವರ್ಣಿಸುವ ಶಕ್ತಿ ನನಗಿಲ್ಲ. ಅದನ್ನು ರೈಲು ಎನ್ನುವುದೇ ತಪ್ಪು. ತೇಗದ ಗೋಡೆ, ಹಿತ್ತಾಳೆಯ ದೀಪ, ನಮ್ಮ ಮನೆಯದಕ್ಕಿಂತ ಅಗಲವಾದ ಮಂಚ. ನಮ್ಮ ಬೋಗಿಯನ್ನು ನೋಡಿಕೊಳ್ಳುವವನ ಹೆಸರು ಥಾಬೋ. ಬಿಳಿಯ ಕೈಗವಸು ಹಾಕಿಕೊಂಡಿದ್ದ ಆ ಮನುಷ್ಯ ಬಾಗಿಲು ತಟ್ಟಿ ಒಳಗೆ ಬಂದಾಗ ನಾನು ನೆಲದ ಮೇಲೆ ಮಂಡಿಯೂರಿ, ಸರಪಳಿಯನ್ನು ಮಂಚದ ಕಾಲಿಗೆ ಸುತ್ತುತ್ತಿದ್ದೆ.

"ಸಾರ್, ಈ ರೈಲಿನಲ್ಲಿ ಕಳ್ಳರಿಲ್ಲ" ಎಂದು ಅವನು ಇಂಗ್ಲಿಷಿನಲ್ಲಿ ಮೃದುವಾಗಿ ಹೇಳಿದ.

ನಾನು ಎದ್ದು ನಿಂತು, ರೈಲಿನ ಸಾಮಾನುಗಳ ರಕ್ಷಣೆಯ ಕುರಿತು ಒಂದು ಸಣ್ಣ ಉಪನ್ಯಾಸ ನೀಡಿದೆ. ಅವನು ಕೈಕಟ್ಟಿ ಕೇಳಿದ. ವಿಶಾಲಾಕ್ಷಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೊರಗೆ ಆಗ ಪ್ರಿಟೋರಿಯಾ ನಿಲ್ದಾಣದ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ.

ಮೊದಲ ರಾತ್ರಿ ಪ್ರಯಾಣದ ಆಯಾಸಕ್ಕೆ ನಾನು ಊಟದ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದೆನಂತೆ. ಎದುರುಬದುರಿನ ಊಟ ಮರುದಿನಕ್ಕೆ ಹೋಯಿತು. ಮರುದಿನವೇ ಕಡೆಯ ರಾತ್ರಿ. ಅದೇ ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಕೂಡ.

ಆ ಬೆಳಿಗ್ಗೆ ನಾನು ಸ್ನಾನ ಮಾಡಿ, ಉಡುಪು ತೆಗೆದುಕೊಂಡು, ಸೂಟ್‌ಕೇಸಿಗೆ ಮತ್ತೆ ಬೀಗ ಜಡಿದೆ. ಬೀಗದ ಕೈಯನ್ನು ಹಿಂದಿನ ರಾತ್ರಿ ದಿಂಬಿನ ಕೆಳಗಿಟ್ಟಿದ್ದೆ. ಅದು ಸಾಲದೆಂದು ತೋರಿ, ಇನ್ನೂ ಭದ್ರವಾದ, ಯಾವ ಕಳ್ಳನ ತಲೆಗೂ ಹೊಳೆಯದ ಜಾಗಕ್ಕೆ ವರ್ಗಾಯಿಸಿದೆ. ಆ ಯೋಜನೆ ಎಷ್ಟು ಯಶಸ್ವಿಯಾಯಿತೆಂದರೆ ಮಧ್ಯಾಹ್ನದ ಹೊತ್ತಿಗೆ ಅದು ನನ್ನ ತಲೆಗೂ ಹೊಳೆಯದಂತಾಯಿತು.

ಮಧ್ಯಾಹ್ನದ ಊಟವೂ ಭಾರಿಯಾಗಿತ್ತು. ಪ್ಯಾಂಟನ್ನು ಇಸ್ತ್ರಿಗೆ ಕೊಟ್ಟು, ಕೈಚೀಲದಲ್ಲಿದ್ದ ಪಂಚೆಯನ್ನು ಉಟ್ಟು ಅಡ್ಡಾದೆ. ಸೊಂಟದ ಬಲಭಾಗದಲ್ಲಿ ಏನೋ ಚುಚ್ಚಿದಂತಾಯಿತು. ಹಿಂದೊಮ್ಮೆ ಕಿಡ್ನಿಯ ಕಲ್ಲು ಅನುಭವಿಸಿದವನು ನಾನು. ಅದೇ ಮತ್ತೆ ಬಂತೆಂದು ಲೆಕ್ಕ ಹಾಕಿ ಮಗ್ಗುಲು ಬದಲಿಸಿದೆ. ಮದುವೆಯ ದಿನ ಅವಳಿಗೇಕೆ ಚಿಂತೆ ಎಂದು ಹೇಳಲಿಲ್ಲ.

ಸಂಜೆ ವಿಶಾಲಾಕ್ಷಿ ಹಸಿರು ಅಂಚಿನ ಹೊಸ ರೇಷ್ಮೆ ಸೀರೆ ಉಟ್ಟು, ನನ್ನ ಮುಂದೆ ನಿಂತು, "ಹೇಗಿದೆ?" ಎಂದಳು.

"ಚೆನ್ನಾಗಿದೆ."

"ನಿಮ್ಮ ಟೈ ಕೂಡ ಇದೇ ಹಸಿರು. ಹುಡುಕಿ ತಂದು ನಿಮ್ಮ ಪೆಟ್ಟಿಗೇಲಿಟ್ಟಿದ್ದೀನಿ. ಹಾಕ್ಕೊಂಡು ಬನ್ನಿ. ನಾನು ಹಿಂದಿನ ಬಾಲ್ಕನಿ ಬೋಗಿಯಲ್ಲಿರ್ತೀನಿ, ಪಕ್ಕದ ಕೋಣೆಯ ಜರ್ಮನ್ ಆಂಟಿ ಸೂರ್ಯಾಸ್ತ ನೋಡೋಣ ಅಂದ್ರು."

ಅವಳು ಹೋದಳು. ನಾನು ಬೀಗದ ಕೈಗಾಗಿ ಕೈ ಚಾಚಿದೆ. ಎಲ್ಲಿಗೆ ಚಾಚಬೇಕೆಂದು ತಿಳಿಯಲಿಲ್ಲ.

ದಿಂಬಿನ ಕೆಳಗಿಲ್ಲ. ಶೂ ಒಳಗಿಲ್ಲ. ಸೋಪಿನ ಡಬ್ಬಿಯಲ್ಲಿಲ್ಲ. ಮಂಚದ ಕೆಳಗೆ ತೂರಿ ಹುಡುಕುವಾಗ ಸೊಂಟದ ಕಲ್ಲು ಮತ್ತೆ ಚುಚ್ಚಿತು. ಸೂಟು, ಶರ್ಟು, ಹಸಿರು ಟೈ, ಮೂರೂ ಸರಪಳಿಯ ಬಂಧನದಲ್ಲಿ. ಥಾಬೋನನ್ನು ಕರೆಯಬಹುದಿತ್ತು. ಆದರೆ ಅವನಿಗೆ ಉಪನ್ಯಾಸ ಕೊಟ್ಟ ಬಾಯಿಯಿಂದಲೇ ಸುತ್ತಿಗೆ ಕೇಳುವುದು ಹೇಗೆ?

ಆಗಲೇ ರೈಲು ನಿಂತಿತು.

ಕಿಟಕಿಯಿಂದ ನೋಡಿದೆ. ಕರೂ ಎಂಬ ಆ ಬಯಲು ಸೀಮೆಯ ನಡುವೆ ಒಂದು ಪುಟ್ಟ ನಿಲ್ದಾಣ. ಆಚೆಗೊಂದು ತಗಡಿನ ಶೆಡ್ಡು. ಅದರ ಗೋಡೆಗೆ ಗರಗಸ, ಇಕ್ಕಳ, ಸುತ್ತಿಗೆಗಳು ಸಾಲಾಗಿ ತೂಗುತ್ತಿದ್ದವು. ದೇವರು ನನ್ನ ಪರವಾಗಿ ರೈಲನ್ನು ನಿಲ್ಲಿಸಿದ್ದಾನೆಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಹೆಂಡತಿಗೆ ಕೊಟ್ಟ ಮಾತು ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು. ಆದರೆ ಆ ಮಾತು ಊಟಕ್ಕೆ ಸಂಬಂಧಿಸಿದ್ದು, ಊಟ ಇನ್ನೂ ಆರಂಭವಾಗಿಲ್ಲ ಎಂದು ನನ್ನೊಳಗಿನ ವಕೀಲ ವಾದಿಸಿ ಗೆದ್ದ. ರೈಲು ಹೊರಡುವ ಮೊದಲು ಸಿಳ್ಳೆ ಹಾಕುತ್ತದೆ, ಆಮೇಲೆ ಒಂದು ಜಗ್ಗು ಜಗ್ಗುತ್ತದೆ, ಆಮೇಲೂ ಸಾಕಷ್ಟು ಹೊತ್ತು ಅನುಮಾನಿಸುತ್ತದೆ. ಅರಸೀಕೆರೆಯ ನಿಯಮ. ಪಂಚೆಯನ್ನು ಮೇಲೆತ್ತಿ ಕಟ್ಟಿ ಇಳಿದೇಬಿಟ್ಟೆ.

ಶೆಡ್ಡಿನಲ್ಲಿ ಒಬ್ಬ ಅಜ್ಜಿ ಪಿಕಪ್ ವ್ಯಾನಿಗೆ ಮೇವಿನ ಮೂಟೆ ಹಾಕಿಸುತ್ತಿದ್ದಳು. ದೊಡ್ಡ ಟೋಪಿ, ದೊಡ್ಡ ಬೂಟು. ಕುರಿ ಸಾಕುವವಳೆಂದು ಆಮೇಲೆ ತಿಳಿಯಿತು. ನನ್ನ ಇಂಗ್ಲಿಷು ಅವಳಿಗೆ, ಅವಳ ಇಂಗ್ಲಿಷು ನನಗೆ ಪೂರ್ತಿ ತಿಳಿಯಲಿಲ್ಲ. ಎರಡು ಕೈಗಳನ್ನು ಸೇರಿಸಿ ಬೇಡಿ ಹಾಕಿದಂತೆ ತೋರಿಸಿ, ಕತ್ತರಿಸಬೇಕೆಂದು ಅಭಿನಯಿಸಿದೆ. ಅವಳು ನನ್ನ ಪಂಚೆಯನ್ನೂ ರೈಲನ್ನೂ ಒಮ್ಮೆ ನೋಡಿ, ಏನು ಅರ್ಥ ಮಾಡಿಕೊಂಡಳೋ, ಬಹಳ ಮರುಕದಿಂದ ಗರಗಸದ ಒಂದು ಬ್ಲೇಡು ಕೊಟ್ಟಳು.

ಧನ್ಯವಾದ ಹೇಳಿ ತಿರುಗಿದೆ. ರೈಲು ಹೋಗುತ್ತಿತ್ತು.

ಸಿಳ್ಳೆ ಇಲ್ಲ. ಜಗ್ಗು ಇಲ್ಲ. ಗಾಜಿನ ಲೋಟಗಳಲ್ಲಿ ತುಂಬಿದ ಪಾನೀಯ ತುಳುಕಬಾರದೆಂದು ಆ ರೈಲನ್ನು ಬೆಣ್ಣೆಯ ಮೇಲೆ ಜಾರಿಸಿದಂತೆ ಹೊರಡಿಸುತ್ತಾರೆ. ಕೊಟ್ಟ ಹಣ ಮುಖ್ಯವಾಗಿ ಅದಕ್ಕೇ ಎಂದು ನನಗಾಗ ಮನವರಿಕೆಯಾಯಿತು.

ಓಡಿದೆ. ಒಂದು ಚಪ್ಪಲಿ ಆಫ್ರಿಕಾಕ್ಕೆ ಸಮರ್ಪಣೆಯಾಯಿತು. ಕೊನೆಯ ಬೋಗಿಯ ಬಾಲ್ಕನಿಯಲ್ಲಿ ಸೂಟುಬೂಟಿನ ಪ್ರಯಾಣಿಕರು ಲೋಟ ಹಿಡಿದು ನಿಂತಿದ್ದರು. ಒಬ್ಬಾಕೆ ನನ್ನತ್ತ ಬೆರಳು ತೋರಿಸಿದಳು. ಎಲ್ಲರೂ ಕಂಬಿಯ ಬಳಿಗೆ ನುಗ್ಗಿದರು. ದುರ್ಬೀನುಗಳು ಮೇಲೇರಿದವು. ನಾನು ನಿಲ್ಲಿಸಿ ಎಂದು ಕೈ ಬೀಸಿದೆ. ಅವರೂ ಸಂತೋಷದಿಂದ ಕೈ ಬೀಸಿದರು. ಅವರ ನಡುವೆ ಹಸಿರು ಅಂಚಿನ ಒಂದು ಸೀರೆ ಮಾತ್ರ ಕೈ ಬೀಸಲಿಲ್ಲ. ಹಣೆಗೆ ಕೈ ಹಚ್ಚಿಕೊಂಡು ನಿಂತಿತ್ತು.

ಆಮೇಲೆ ಬಯಲು, ಕುರಿ, ಗಾಳಿಯಂತ್ರ ಮತ್ತು ನಾನು.

ಕುರಿಯಜ್ಜಿ ವ್ಯಾನನ್ನು ತಂದು ಪಕ್ಕದಲ್ಲಿ ನಿಲ್ಲಿಸಿದಳು. ಮುಂದಿನ ಸೀಟಿನಲ್ಲಿ ಅವಳ ನಾಯಿ ಕೂತಿತ್ತು. ಅದು ಸೀಟು ಬಿಟ್ಟುಕೊಡಲಿಲ್ಲ, ಅವಳೂ ಕೇಳಲಿಲ್ಲ. ನಾನು ಹಿಂದೆ, ಮೇವಿನ ಮೂಟೆಗಳ ನಡುವೆ, ಒಂದು ಟಗರಿನ ಸಹಪ್ರಯಾಣಿಕನಾಗಿ ಕೂತೆ. ಲಕ್ಷುರಿ ರೈಲು ನಿಧಾನವಾಗಿ ಹೋಗುವುದನ್ನು ಪುಸ್ತಿಕೆಯಲ್ಲಿ ಒಂದು ಸೌಕರ್ಯವೆಂದು ಬರೆದಿದ್ದರಂತೆ. ಅದರ ಪೂರ್ಣ ಪ್ರಯೋಜನ ಪಡೆದವನು ನಾನೊಬ್ಬನೇ. ದಾರಿಯುದ್ದಕ್ಕೂ ರೈಲು ಅಲ್ಲೇ ಎಡಗಡೆ ಕಾಣುತ್ತಿತ್ತು. ಊಟದ ಬೋಗಿಯಲ್ಲಿ ಒಂದೊಂದಾಗಿ ದೀಪ ಹತ್ತುತ್ತಿದ್ದವು. ಅಲ್ಲಿ ನಮ್ಮದೂ ಒಂದು ಮೇಜು ಇದ್ದೀತು, ಅವಳೆದುರಿನ ಕುರ್ಚಿ ಖಾಲಿ. ಅವಳು ಮೊಸರನ್ನದ ಡಬ್ಬಿಯ ತಳ ಕೆರೆಯುತ್ತಿದ್ದ ದಿನಗಳಲ್ಲೂ ಎದುರಿನ ಸೀಟು ಹೀಗೇ ಖಾಲಿ ಇರುತ್ತಿತ್ತಲ್ಲ ಎಂದು ಅನಿಸಿ, ನನಗೆ ಮೊದಲ ಬಾರಿ ಸೊಂಟ ಬಿಟ್ಟು ಬೇರೆ ಕಡೆ ಚುಚ್ಚಿತು.

ಮುಂದಿನ ನಿಲ್ದಾಣದಲ್ಲಿ ರೈಲು ನನಗಾಗಿ ಕಾದಿತ್ತು. ಪ್ಲಾಟ್‌ಫಾರಂ ಮೇಲೆ ವಿಶಾಲಾಕ್ಷಿ, ಥಾಬೋ, ರೈಲಿನ ಮ್ಯಾನೇಜರು. ನಾನು ಟಗರಿಗೆ ದಾರಿ ಬಿಡುವಂತೆ ವಿನಂತಿಸಿ, ಒಂದೇ ಚಪ್ಪಲಿಯಲ್ಲಿ, ಕೈಯಲ್ಲಿ ಗರಗಸದ ಬ್ಲೇಡಿನೊಂದಿಗೆ ಇಳಿದೆ. ಮ್ಯಾನೇಜರು ಒಂದು ಹೆಜ್ಜೆ ಹಿಂದೆ ಸರಿದ.

"ಸೂಟು ಒಳಗೆ ಸಿಕ್ಕಿಕೊಂಡಿದೆ" ಎಂದೆ. "ಬೀಗದ ಕೈ ಕಳೆದುಹೋಯಿತು. ಬ್ಲೇಡು ತಂದಿದ್ದೇನೆ. ಸ್ವಲ್ಪ ಹೊತ್ತು ಕೊಡು, ಕತ್ತರಿಸಿ ಸೂಟು ಹಾಕಿಕೊಂಡು ಬಂದುಬಿಡುತ್ತೇನೆ."

"ಸೂಟು ಯಾಕ್ರೀ? ಸೂಟು ಇಲ್ಲಾಂದ್ರೆ ಅವರವರ ದೇಶದ ಉಡುಪಿನಲ್ಲೂ ಬರಬಹುದು ಅಂತ ಪುಸ್ತಿಕೆಯಲ್ಲಿದೆ. ಓದೋಕೆ ಹೋದೆ. ನೀವು ಪ್ರಶ್ನೆ ಉದ್ಭವಿಸಲ್ಲ ಅಂದ್ರಿ."

ನಾನು ಮ್ಯಾನೇಜರನ ಮುಖ ನೋಡಿದೆ. ಅವನು ನನ್ನ ಪಂಚೆಯ ಅಂಚನ್ನು ನೋಡಿ, ಬಹಳ ಸೊಗಸಾಗಿದೆ ಸಾರ್ ಎಂದ. ಅಂಚಿಗೆ ಒಂದಿಷ್ಟು ಮೇವು ಅಂಟಿತ್ತು.

ಹತ್ತುವಾಗ ಸೊಂಟ ಹಿಡಿದುಕೊಂಡು ನರಳಿದೆ.

"ಏನಾಯ್ತು?" ಎಂದಳು. ಅವಳ ದನಿ ಈಗ ಹವಾಮಾನ ವರದಿಯದಾಗಿರಲಿಲ್ಲ.

"ಏನಿಲ್ಲ. ಮಧ್ಯಾಹ್ನದಿಂದ... ಹಳೇ ಕಲ್ಲು ಅಂತ ಕಾಣುತ್ತೆ."

ಕೋಣೆಗೆ ಹೋದ ಮೇಲೆ ಅವಳು ಗಾಬರಿಯಿಂದ ಎಲ್ಲಿ ಎಲ್ಲಿ ಎಂದು ಪಂಚೆಯ ಕಟ್ಟು ಸಡಿಲಿಸಿ ಮುಟ್ಟಿ ನೋಡಿದಳು. ಆಮೇಲೆ ಅವಳ ಕೈ ಒಂದು ಕಡೆ ನಿಂತಿತು. ನನ್ನ ಹೊಟ್ಟೆಯ ಆಚೆಗಿನ ಪ್ರದೇಶ ನನ್ನ ಕಣ್ಣಿಗೆ ಬೀಳದೆ ವರ್ಷಗಳಾಗಿವೆ. ಆದ್ದರಿಂದ ಕಾರಣ ತಿಳಿಯಲಿಲ್ಲ.

"ರೀ," ಎಂದಳು, "ನಿಮ್ಮ ಕಲ್ಲು ಹಿತ್ತಾಳೇದು."

ಉಡಿದಾರ. ನಮ್ಮ ತಾತ ಕಣಜದ ಬೀಗದ ಕೈಯನ್ನು ಉಡಿದಾರಕ್ಕೇ ಕಟ್ಟಿಕೊಳ್ಳುತ್ತಿದ್ದರು. ಯಾವ ಕಳ್ಳನ ತಲೆಗೂ ಹೊಳೆಯದ ಆ ಜಾಗ ನನಗೆ ಹೊಳೆದಿತ್ತು, ಬೆಳಿಗ್ಗೆ.

ಅವಳು ನಕ್ಕಳು. ಮಂಚದ ಮೇಲೆ ಕೂತು, ಸೀರೆ ಸುಕ್ಕಾಗುವುದನ್ನೂ ಲೆಕ್ಕಿಸದೆ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಮೇವು ಕೊಡವಿ, ತನ್ನ ಶಾಲನ್ನು ನನ್ನ ಹೆಗಲಿಗೆ ಹಾಕಿ, "ನಡೀರಿ, ಸೂಪು ಆರುತ್ತೆ" ಎಂದಳು. ಸೂಟು ಕೇಪ್‌ಟೌನ್‌ವರೆಗೂ ಬಂಧನದಲ್ಲೇ ಇತ್ತು.

ಎದುರುಬದುರು ಕೂತೆವು. ಥಾಬೋ ಬಡಿಸಿದ. ಸೂಪು ಮುಗಿದು ಮುಂದಿನ ತಟ್ಟೆ ಬರುವ ಹೊತ್ತಿಗೆ ರೈಲು ಮತ್ತೊಂದು ನಿಲ್ದಾಣದಲ್ಲಿ ನಿಂತಿತು. ಹೊರಗೆ ಒಂದು ಬೆಂಚು, ಒಂದು ನಲ್ಲಿ. ನಲ್ಲಿ ತೊಟ್ಟಿಕ್ಕುತ್ತಿತ್ತು. ನನ್ನ ಕಾಲುಗಳು ನನ್ನನ್ನು ಕೇಳದೆಯೇ ಮೇಜಿನ ಕೆಳಗೆ ಚಲಿಸಿದವು. ಏಳಲು ಹೋದರೆ ಏಳಲಾಗಲಿಲ್ಲ. ಬಗ್ಗಿ ನೋಡಿದೆ. ನನ್ನ ಪಂಚೆಯ ಅಂಚಿನ ಮೇಲೆ ಅವಳ ಪಾದ ಭದ್ರವಾಗಿ ಕೂತಿತ್ತು. ಅವಳು ಮಾತ್ರ ಏನೂ ಅರಿಯದವಳಂತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

ರೈಲು ಸದ್ದಿಲ್ಲದೆ ಹೊರಟಿತು. ನಾನು ಒಳಗೇ ಇದ್ದೆ.

ಈಗ ಎಪ್ಪಿಂಗಿನ ನಮ್ಮ ಹಾಲಿನಲ್ಲಿ ಆಫ್ರಿಕಾದ ಒಂದೇ ಒಂದು ಚಿತ್ರ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಜರ್ಮನ್ ಆಂಟಿ ಬಾಲ್ಕನಿಯಿಂದ ತೆಗೆದದ್ದು. ಸಂಜೆಯ ಬೆಳಕು, ಅಪಾರ ಬಯಲು, ಧೂಳೆಬ್ಬಿಸಿ ಓಡಿ ಬರುತ್ತಿರುವ ಬಿಳಿಯ ಏನೋ ಒಂದು. ಹೋದ ತಿಂಗಳು ಮೆಲ್ಬರ್ನ್‌ನಿಂದ ಬಂದ ಷಡ್ಡಕ ನಾಗರಾಜ ಕನ್ನಡಕ ಏರಿಸಿ ಅದನ್ನು ಬಹಳ ಹೊತ್ತು ಪರಿಶೀಲಿಸಿದ.

"ಅಕ್ಕಾ, ಇದ್ಯಾವ ಕಾಡುಪ್ರಾಣಿ? ಗೊತ್ತಾಗ್ತಾನೇ ಇಲ್ವಲ್ಲ."

ವಿಶಾಲಾಕ್ಷಿ ಕಾಫಿಯ ಲೋಟ ಅವನ ಕೈಗಿಟ್ಟಳು.

"ಕಾಡಿಂದಲ್ಲ ನಾಗರಾಜ, ಮನೇದೇ. ಚೈನನ್ನ ಸೂಟ್‌ಕೇಸಿಗೆ ಹಾಕ್ಬಿಟ್ಟಿದ್ವಿ, ತಪ್ಪಿಸ್ಕೊಂಡಿತ್ತು."